ಮೂರು ಆಫರ್, ಮೂರು ಗಡುವು: ಒಂದು ಪಿಎಚ್.ಡಿ ನಿರ್ಧಾರದ ಪ್ರಕರಣ

2021ರ ಮಾರ್ಚ್ ಮೂರನೇ ವಾರ. ಇತಿಹಾಸದಲ್ಲಿ ಎಂ.ಎ ಮುಗಿಸಿದ್ದ ಒಬ್ಬ ಅಭ್ಯರ್ಥಿಯ ಮುಂದೆ ಮೂರು ಪತ್ರಗಳಿದ್ದವು. ಅಮೆರಿಕದ್ದು ಐದು ವರ್ಷದ ಪ್ರವೇಶ, ಜೊತೆಗೆ ಸ್ಟೈಪೆಂಡ್, ಅಂದರೆ ಜೀವನ ಖರ್ಚಿಗೆ ಕೊಡುವ ಹಣ. ಬ್ರಿಟನ್ನಿನದ್ದು ಪ್ರವೇಶ ಖಚಿತ, ಹಣಕ್ಕೆ ಮಾತ್ರ ವೇಟಿಂಗ್ ಲಿಸ್ಟ್. ನೆದರ್ಲೆಂಡ್ಸ್‌ನದ್ದು ಪ್ರವೇಶಪತ್ರವೇ ಅಲ್ಲ, ನೌಕರಿಯ ಆಫರ್. ಆಕೆ ಅಮೆರಿಕಕ್ಕೂ ಯುರೋಪಿಗೂ ಸೇರಿದವರಲ್ಲ. ಎಲ್ಲಿಗೆ ಹೋದರೂ ವೀಸಾ ಬೇಕು, ಎಲ್ಲಿಗೆ ಹೋದರೂ ಪರದೇಶಿಯೇ. ಮದುವೆಯಾಗಿತ್ತು, ಗಂಡನೂ ದುಡಿಯುತ್ತಿದ್ದರು.

ಇಂಥ ಪತ್ರಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಈ ಪ್ರಕರಣ ಬರೆಯಲು ಆಕೆ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ವಿಶ್ವವಿದ್ಯಾಲಯಗಳ ಹೆಸರು ಬಿಟ್ಟಿದ್ದೇನೆ. ಮೂರು ಕಡೆಯವರೂ 'ಫುಲ್ಲಿ ಫಂಡೆಡ್', ಅಂದರೆ ಖರ್ಚೆಲ್ಲ ನಮ್ಮದು, ಅಂತ ಒಂದಲ್ಲ ಒಂದು ರೀತಿ ಹೇಳಿಕೊಂಡಿದ್ದರು. ಆ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದುಡ್ಡು ಯಾರದ್ದು, ಎಲ್ಲಿಯವರೆಗೆ ಬರುತ್ತದೆ, ಕೊಟ್ಟವರಿಗೆ ನಿಮ್ಮ ಪ್ರಬಂಧದ ಮೇಲೆ ಎಷ್ಟು ಹಕ್ಕು. ಇಷ್ಟು ತಿಳಿಯದೆ ತಿಂಗಳಿಗೆ ಎಷ್ಟು ಅಂತ ಕೇಳಿ ಏನೂ ಪ್ರಯೋಜನವಿಲ್ಲ.

ವಿಷಯ ಏನು?

ಆಕೆಯ ವಿಷಯ ಹೇಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಯಾಕೆಂದರೆ ನಿರ್ಧಾರದ ಅರ್ಧ ಭಾರ ಅದರ ಮೇಲೇ ಬಿತ್ತು.

ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ (ನ್ಯಾಷನಲ್ ಆರ್ಕೈವ್ಸ್) 'ಪ್ರೈಜ್ ಪೇಪರ್ಸ್' ಅನ್ನುವ ಒಂದು ದೊಡ್ಡ ಸಂಗ್ರಹವಿದೆ. 17ನೇ ಶತಮಾನದ ನಡುವಿನಿಂದ 19ನೇ ಶತಮಾನದ ಆರಂಭದವರೆಗೆ ನಡೆದ ಯುದ್ಧಗಳಲ್ಲಿ ಇಂಗ್ಲಿಷರು ಶತ್ರುದೇಶದ ಹಡಗುಗಳನ್ನು ಹಿಡಿಯುತ್ತಿದ್ದರು. ಹಡಗು ನ್ಯಾಯವಾಗಿ ಹಿಡಿದದ್ದೇ ಅಂತ ಕೋರ್ಟಿನಲ್ಲಿ ತೋರಿಸಬೇಕಿತ್ತು. ಅದಕ್ಕೆ ಸಾಕ್ಷಿಯಾಗಿ ಹಡಗಿನಲ್ಲಿದ್ದ ಕಾಗದಪತ್ರವನ್ನೆಲ್ಲ ಎತ್ತಿಕೊಂಡು ಬರುತ್ತಿದ್ದರು. ಟಪಾಲು ಚೀಲಗಳೂ ಅದರಲ್ಲೇ ಬಂದವು. ಹಾಗೆ ವಿಳಾಸ ಸೇರದೆ ಉಳಿದ ಸುಮಾರು 1,60,000 ಪತ್ರಗಳು ಅಲ್ಲಿವೆ. ಕೆಲವನ್ನು ಇತ್ತೀಚಿನವರೆಗೂ ಯಾರೂ ಒಡೆದೇ ಇರಲಿಲ್ಲ. ಡಚ್ ಭಾಷೆಯವು ಹತ್ತಾರು ಸಾವಿರ. 1672ರಲ್ಲಿ ಮೂರನೇ ಇಂಗ್ಲಿಷ್-ಡಚ್ ಯುದ್ಧ ಶುರುವಾದಾಗ ಸಿಕ್ಕ ಕಂತೆಗಳಲ್ಲಿ ನಾವಿಕರಿಗೆ ಹೆಂಡತಿಯರು ಬರೆದ ಪತ್ರಗಳು ಬಹಳ ಇವೆ.

'ಬರೆದ' ಅಂದೆ, ನಿಜವಾಗಿ ಬರೆದರೇ? ಆಕೆಯ ಪ್ರಶ್ನೆ ಇದೇ. ಅಕ್ಷರ ಬಾರದ ಹೆಂಗಸು ಪಕ್ಕದ ಮನೆಯವರಿಂದಲೋ ಊರಿನ ಮೇಷ್ಟರಿಂದಲೋ ಬರೆಸುತ್ತಿದ್ದಳು. ದೇವರ ದಯದಿಂದ ಕ್ಷೇಮ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇವೆ ಅನ್ನುವ ಸಿದ್ಧ ಸಾಲುಗಳಿಂದ ಪತ್ರ ಶುರುವಾಗುತ್ತದೆ. ಆಮೇಲೆ ಒಮ್ಮೆಲೇ ಬಾಡಿಗೆ, ಸಾಲ, ಮಗುವಿನ ಜ್ವರ. ಕೈಬರಹ ಒಬ್ಬರದ್ದು, ಮಾತು ಇನ್ನೊಬ್ಬರದ್ದು. ಲೈಡನ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು 2008ರಿಂದ 2013ರವರೆಗೆ ಈ ಡಚ್ ಪತ್ರಗಳ ಮೇಲೆ ಕೆಲಸ ಮಾಡಿ, ಪತ್ರ ಕಳಿಸಿದವರೇ ಬರೆದದ್ದು ಹೌದೋ ಅಲ್ಲವೋ ಎಂದು ಪತ್ತೆಹಚ್ಚುವ ಒಂದು ಕ್ರಮವನ್ನೇ ರೂಪಿಸಿದ್ದರು. ಆಕೆ ಅಲ್ಲಿಂದ ಮುಂದೆ ಹೋಗಿ, ಬರೆದುಕೊಡುತ್ತಿದ್ದವರು ಯಾರು, ಅವರಿಗೆ ಸಿಗುತ್ತಿದ್ದದ್ದೇನು ಅಂತ ಹುಡುಕಬೇಕೆಂದಿದ್ದರು.

ಇದಕ್ಕೆ ಮೂರು ಸಿದ್ಧತೆ ಬೇಕು. ಹಳೆಯ ಡಚ್ ಓದಲು ಬರಬೇಕು. ಆ ಕಾಲದ ಕೈಬರಹ ಬಿಡಿಸಲು ಬರಬೇಕು. ಕ್ಯೂಗೆ ಮತ್ತೆ ಮತ್ತೆ ಹೋಗಬೇಕು. ಆಗ ಆಕೆಗೆ ಇವತ್ತಿನ ಡಚ್ ಒಂದಷ್ಟು ಓದಲು ಬರುತ್ತಿತ್ತು, ಅಷ್ಟೇ.

ಅಮೆರಿಕದ ಪತ್ರ

ಮೊದಲು ಬಂದದ್ದು ಇದೇ, ನೋಡಲು ಚೆಂದವೂ ಇದೇ. ಆ ವರ್ಷ ಕೋವಿಡ್‌ನಿಂದಾಗಿ ಅಮೆರಿಕದ ಎಷ್ಟೋ ಮಾನವಿಕ (ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರದಂಥ) ವಿಭಾಗಗಳು ಪಿಎಚ್.ಡಿ ಪ್ರವೇಶವನ್ನೇ ನಿಲ್ಲಿಸಿದ್ದವು. ಅಂಥ ವರ್ಷದಲ್ಲಿ ಸೀಟು ಸಿಕ್ಕಿದ್ದು ಸಣ್ಣ ಮಾತಲ್ಲ. (ಈಗಲೂ ಪರಿಸ್ಥಿತಿ ಏನೂ ಸುಧಾರಿಸಿಲ್ಲ ಬಿಡಿ. ಬೋಸ್ಟನ್ ವಿಶ್ವವಿದ್ಯಾಲಯ 2025–26ಕ್ಕೆ ಹಲವು ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳಲ್ಲಿ ಹೊಸ ಪಿಎಚ್.ಡಿ ಪ್ರವೇಶ ನಿಲ್ಲಿಸಿತು. ಷಿಕಾಗೊ ವಿಶ್ವವಿದ್ಯಾಲಯದ ಮಾನವಿಕ ವಿಭಾಗಗಳಲ್ಲೂ ಮರುವರ್ಷಕ್ಕೆ ಅದೇ ದಾರಿ.)

ಪತ್ರದಲ್ಲಿ ಐದು ವರ್ಷದ ಬೋಧನಾ ಶುಲ್ಕ ಮಾಫಿ, ವರ್ಷಕ್ಕೆ 24,000 ಡಾಲರ್ ಸ್ಟೈಪೆಂಡ್, ಎರಡನೇ ವರ್ಷದಿಂದ ಬೋಧನಾ ಸಹಾಯಕಿಯ ಕೆಲಸ. ಪ್ರತಿ ವರ್ಷ 'ಸಮಾಧಾನಕರ ಪ್ರಗತಿ' ಇರಬೇಕು. ಇದೆಲ್ಲ ಮಾಮೂಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ಸ್ಟೈಪೆಂಡ್ ಒಂಬತ್ತು ತಿಂಗಳಿಗೆ ಮಾತ್ರ, ಬೇಸಿಗೆ ರಜೆಯ ಹಣಕ್ಕೆ ಪ್ರತಿ ವರ್ಷ ಬೇರೆ ಅರ್ಜಿ ಹಾಕಬೇಕು. ವಿದ್ಯಾರ್ಥಿ ಸೇವಾ ಶುಲ್ಕ ಮಾಫಿಯಲ್ಲಿ ಸೇರಿಲ್ಲ. ಇತಿಹಾಸದವರಿಗೆ ಬೇಸಿಗೆ ಅಂದರೆ ರಜೆ ಅಲ್ಲ, ಆರ್ಕೈವ್ಸ್‌ಗೆ ಹೋಗುವ ಕಾಲ. ಜಾಸ್ತಿ ಖರ್ಚು ಬರುವ ಮೂರು ತಿಂಗಳಲ್ಲೇ ಸ್ಟೈಪೆಂಡ್ ಇಲ್ಲ ಅಂತಾಯಿತು.

ಇನ್ನು ಕಾಲಾವಧಿ. ಅಮೆರಿಕದ ಪಿಎಚ್.ಡಿಯಲ್ಲಿ ಮೊದಲ ಎರಡು ವರ್ಷ ಕೋರ್ಸುಗಳು, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಪ್ರಬಂಧದ ಯೋಜನೆಗೆ ಒಪ್ಪಿಗೆ. ನಿಜವಾದ ಸಂಶೋಧನೆ ಶುರುವಾಗುವುದು ಮೂರು ವರ್ಷದ ಮೇಲೆ. ಭಾಷೆ, ಲಿಪಿ ಕಲಿಯಬೇಕಿದ್ದ ಆಕೆಗೆ ಇದು ಒಳ್ಳೆಯದೇ. ಆದರೆ ಅಮೆರಿಕದಲ್ಲಿ ಮಾನವಿಕ ವಿಷಯದ ಪಿಎಚ್.ಡಿ ಮುಗಿಯಲು ಸಾಮಾನ್ಯವಾಗಿ ಸುಮಾರು ಏಳು ವರ್ಷ ಹಿಡಿಯುತ್ತದೆ. ಪತ್ರ ಹೇಳಿದ್ದು ಐದು. ಉಳಿದ ಎರಡು ವರ್ಷ? ಆಕೆ ವಿಭಾಗಕ್ಕೆ ಬರೆದು ಕೇಳಿದರು. ಆರನೇ ವರ್ಷಕ್ಕೆ ಸಾಮಾನ್ಯವಾಗಿ ಏನಾದರೂ ವ್ಯವಸ್ಥೆ ಆಗುತ್ತದೆ ಅಂತ ಸ್ನೇಹದ ಉತ್ತರ ಬಂತು. ಏಳನೆಯದರ ಬಗ್ಗೆ ಮಾತಿಲ್ಲ. ಹೊರದೇಶದ ಆರ್ಕೈವ್ಸ್‌ಗೆ ಹೋಗಲು ಸಿಗುವ ಫುಲ್‌ಬ್ರೈಟ್-ಹೇಸ್‌ನಂಥ ಪ್ರಬಂಧ ಸಂಶೋಧನಾ ನೆರವು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ವಿದೇಶಿ ವಿದ್ಯಾರ್ಥಿಗಳು ಇದನ್ನು ಬಹಳ ತಡವಾಗಿ, ನಾಲ್ಕನೇ ವರ್ಷದಲ್ಲಿ ಅರ್ಜಿ ತುಂಬಲು ಕೂತಾಗ ತಿಳಿದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾದ ತೊಡಕು ವೀಸಾದ್ದು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಹೋದವರ ಗಂಡ ಅಥವಾ ಹೆಂಡತಿಗೆ ಸಿಗುವುದು ಎಫ್-2 ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಅಂದರೆ ಒಂಬತ್ತು ತಿಂಗಳ ಸ್ಟೈಪೆಂಡಿನಲ್ಲಿ ಇಬ್ಬರು ವರ್ಷವಿಡೀ ಬದುಕಬೇಕು, ಐದು ವರ್ಷ, ಬಹುಶಃ ಏಳು. ಈ ಒಂದು ಸಾಲು ಯಾವ ಆಫರ್ ಲೆಟರಿನಲ್ಲೂ ಇರುವುದಿಲ್ಲ.

ಬ್ರಿಟನ್ನಿನ ಪತ್ರ

ವಿಷಯದ ದೃಷ್ಟಿಯಿಂದ ನೋಡಿದರೆ ಇದೇ ಮೇಲು. ಮಾರ್ಗದರ್ಶಕರು ಇದೇ ಕ್ಷೇತ್ರದವರು. ಕ್ಯೂಗೆ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದು. ಆಕೆಯ ಪ್ರಸ್ತಾವನೆಯನ್ನು ಒಂದು ಸಾಲೂ ಬದಲಿಸದೆ ಒಪ್ಪಿದ್ದರು.

ಹಣದ ಕಥೆ ಬೇರೆ. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಮಂಡಳಿಗಳ ಪಿಎಚ್.ಡಿ ನೆರವು ಪೂರ್ತಿಯಾಗಿ ವಿದೇಶಿಯರಿಗೂ ತೆರೆದದ್ದು 2021ರ ಪ್ರವೇಶದಿಂದ. ಆದರೆ ಪಿಎಚ್.ಡಿ ತರಬೇತಿಗೆಂದು ಮಂಡಳಿ ಕೊಡುವ ಒಂದೊಂದು ಅನುದಾನದಲ್ಲೂ ವಿದೇಶಿಯರ ಪಾಲು ಹೆಚ್ಚೆಂದರೆ ಶೇ. 30. ಬ್ರೆಕ್ಸಿಟ್ ಆದ ಮೇಲೆ ಯುರೋಪ್ ಒಕ್ಕೂಟದಿಂದ ಹೊಸದಾಗಿ ಬರುವವರೂ ವಿದೇಶಿಯರ ಸಾಲಿಗೇ ಬಂದರು. ಮಂಡಳಿ ಕೊಡುವುದು ಆ ವರ್ಷ 15,609 ಪೌಂಡ್ ಸ್ಟೈಪೆಂಡ್, ಜೊತೆಗೆ ಸ್ಥಳೀಯರ ದರದ ಶುಲ್ಕ 4,500 ಪೌಂಡ್. ವಿದೇಶಿಯರ ಶುಲ್ಕ ಇದರ ಹಲವು ಪಟ್ಟು. ವ್ಯತ್ಯಾಸವನ್ನು ಮಂಡಳಿ ಕೊಡುವುದಿಲ್ಲ, ವಿಶ್ವವಿದ್ಯಾಲಯ ಮಾಫಿ ಮಾಡಬೇಕು ಅಥವಾ ಬೇರೆ ಮೂಲದಿಂದ ತುಂಬಿಸಬೇಕು. ಈ ವಿಶ್ವವಿದ್ಯಾಲಯ ಮಾಫಿ ಮಾಡಲು ಒಪ್ಪಿತ್ತು. ಸ್ಟೈಪೆಂಡ್ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಎರಡನೇ ಸ್ಥಾನ.

ಎರಡನೆಯದು ಅಂದರೆ ಹತ್ತಿರವೇ ಅಲ್ವಾ ಅನಿಸುತ್ತದೆ. ಶೇ. 30ರ ಮಿತಿ ಇರುವಾಗ ಆ ಎಣಿಕೆ ಕೆಲಸಕ್ಕೆ ಬರುವುದಿಲ್ಲ. ಬ್ರಿಟನ್ನಿನವರೊಬ್ಬರು ಬಿಟ್ಟರೆ ಆ ಜಾಗಕ್ಕೆ ಈಕೆ ಬರಲಾಗದು, ವಿದೇಶಿ ಪಾಲು ಆಗಲೇ ಭರ್ತಿಯಾಗಿದೆ. ವಿದೇಶಿಯೊಬ್ಬರು ಬಿಟ್ಟರೆ ಮಾತ್ರ. ಇದನ್ನು ಪತ್ರ ಹೇಳಿರಲಿಲ್ಲ, ಕೇಳಿದ ಮೇಲೆ ಕಚೇರಿಯವರು ಹೇಳಿದರು. ಪಟ್ಟಿ ಜುಲೈ ಕೊನೆಯವರೆಗೆ ಜೀವಂತ ಅಂತಲೂ ತಿಳಿಸಿದರು.

ಗಂಡ ಇಲ್ಲಿ ದುಡಿಯಬಹುದಿತ್ತು. ಆದರೆ ವೀಸಾದ ಜೊತೆಗೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ಆಗ ವಿದ್ಯಾರ್ಥಿಗೂ ಅವಲಂಬಿತರಿಗೂ ತಲಾ ವರ್ಷಕ್ಕೆ 470 ಪೌಂಡ್. ನಾಲ್ಕು ವರ್ಷದ್ದನ್ನು, ಇಬ್ಬರದ್ದನ್ನೂ, ಅರ್ಜಿ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು. ಸ್ಟೈಪೆಂಡಿನ ಮೊದಲ ಕಂತು ಬರುವ ಮುಂಚೆಯೇ 3,760 ಪೌಂಡ್ ಕೈಯಿಂದ ಹೋಗುತ್ತದೆ. ವಿದ್ಯಾರ್ಥಿಗಳ ದರ 2024ರಿಂದ ವರ್ಷಕ್ಕೆ 776 ಪೌಂಡ್ ಆಗಿದೆ.

ನೆದರ್ಲೆಂಡ್ಸ್‌ನ ಪತ್ರ

ನೆದರ್ಲೆಂಡ್ಸ್‌ನಲ್ಲಿ ಪಿಎಚ್.ಡಿ ಮಾಡುವವರು ಬಹುಪಾಲು ವಿಶ್ವವಿದ್ಯಾಲಯದ ನೌಕರರು. ಅರ್ಜಿ ಹಾಕುವುದು ಕೋರ್ಸಿಗಲ್ಲ, ಜಾಹೀರಾತಾದ ಹುದ್ದೆಗೆ. ಸಂದರ್ಶನವಿರುತ್ತದೆ, ಸಂಬಳ ವಿಶ್ವವಿದ್ಯಾಲಯಗಳೂ ನೌಕರರ ಸಂಘಗಳೂ ಮಾಡಿಕೊಂಡ ಸಾಮೂಹಿಕ ಒಪ್ಪಂದದ ಪ್ರಕಾರ. 2021ರಲ್ಲಿ ಮೊದಲ ವರ್ಷ ತಿಂಗಳಿಗೆ 2,395 ಯೂರೋ, ನಾಲ್ಕನೇ ವರ್ಷಕ್ಕೆ 3,061. ತೆರಿಗೆಗೆ ಮುಂಚಿನ ಲೆಕ್ಕ ಇದು. ಅದರ ಮೇಲೆ ಶೇ. 8ರ ರಜಾ ಭತ್ಯೆ, ವರ್ಷದ ಕೊನೆಗೆ ಶೇ. 8.3. ಪಿಂಚಣಿ ಜಮಾ ಆಗುತ್ತದೆ. ಹೊರಗಿನಿಂದ ನೇಮಕವಾಗಿ ಬಂದವರಿಗೆ ಸಂಬಳದ ಶೇ. 30ರವರೆಗೆ ತೆರಿಗೆ ಬೀಳದ ಒಂದು ಸೌಲಭ್ಯವೂ ಇತ್ತು. ಆದರೆ ನೇಮಕಕ್ಕೆ ಮುಂಚೆ ನೀವು ಆ ದೇಶದಿಂದ ದೂರ ವಾಸವಿದ್ದಿರಬೇಕು. 'ಮೊದಲು ಅಲ್ಲಿಗೆ ಹೋಗಿ ಭಾಷೆ ಕಲಿತು ಸೆಟ್ಲ್ ಆಗೋಣ' ಅಂದುಕೊಂಡು ಹೋದವರು ಇದನ್ನು ಕಳೆದುಕೊಳ್ಳಬಹುದು. ಗಂಡನಿಗೆ ಕೆಲಸ ಮಾಡಲು ಪೂರ್ತಿ ಅನುಮತಿ ಇತ್ತು.

ಹಾಗಾದರೆ ತೊಡಕೇನು? ದುಡ್ಡು ವಿಶ್ವವಿದ್ಯಾಲಯದ್ದಲ್ಲ, ಒಬ್ಬ ಪ್ರಾಧ್ಯಾಪಕರದ್ದು. ಅವರು ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ, ಅಂದರೆ ಇಆರ್‌ಸಿಯ, ಐದು ವರ್ಷದ ಅನುದಾನ ಪಡೆದಿದ್ದರು. ಯುದ್ಧಕಾಲದಲ್ಲಿ ಸುದ್ದಿ ಹೇಗೆ ಹರಡುತ್ತಿತ್ತು ಅನ್ನುವುದು ಅವರ ಪ್ರಾಜೆಕ್ಟ್. ಅದರಲ್ಲಿ ಇಬ್ಬರು ಪಿಎಚ್.ಡಿ, ಒಬ್ಬರು ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ ಮುಗಿಸಿದ ಸಂಶೋಧಕರು. ಆಕೆಗೆ ಬಂದದ್ದು 'ಉಪಯೋಜನೆ 2'. ಅದರ ಪ್ರಶ್ನೆ, ಆಕರ, ಅಧ್ಯಾಯಗಳ ಸುಮಾರು ರೂಪ ಎಲ್ಲವನ್ನೂ ಎರಡು ವರ್ಷದ ಹಿಂದೆ ಬೇರೆಯವರು ಬರೆದಿಟ್ಟಿದ್ದರು. ಆಕರ ಅದೇ ಕ್ಯೂ ಪತ್ರಗಳು. ಆದರೆ ಯಾವ ಸುದ್ದಿ ಯಾವ ಬಂದರಿಗೆ ಎಷ್ಟು ದಿನದಲ್ಲಿ ತಲುಪಿತು ಅಂತ ಪತ್ರಗಳನ್ನು ಡೇಟಾಬೇಸಿಗೆ ತುಂಬಿಸಿ ನಕ್ಷೆ ಮಾಡುವುದು ಗುರಿ. ಯಾರ ಕೈಬರಹ ಅನ್ನುವುದು ಅಲ್ಲಿ ಒಂದು ಕಾಲಮ್, ಅಷ್ಟೇ.

ವಿಜ್ಞಾನದವರಿಗೆ ಇದು ಹೊಸದಲ್ಲ. ಲ್ಯಾಬಿನ ದುಡ್ಡು, ಲ್ಯಾಬಿನ ಪ್ರಶ್ನೆ. ಮಾನವಿಕದಲ್ಲಿ 'ನನ್ನ ವಿಷಯ' ಅನ್ನುವ ಅಭಿಮಾನ ದೊಡ್ಡದು. ಇಂಥ ಹುದ್ದೆಗಳನ್ನು ಕೂಲಿ ಕೆಲಸ ಅಂತ ಕೀಳಾಗಿ ನೋಡುವವರನ್ನು ಕಂಡಿದ್ದೇನೆ. ನನಗೆ ಹಾಗನಿಸುವುದಿಲ್ಲ. ಒಬ್ಬರೇ ಕೂತು ನಾಲ್ಕು ವರ್ಷ ಹಳೇ ಕೈಬರಹ ಬಿಡಿಸುವುದಕ್ಕಿಂತ, ಅದೇ ಕೈಬರಹದ ಜೊತೆ ಒದ್ದಾಡುವ ಇನ್ನಿಬ್ಬರು ಪಕ್ಕದ ಮೇಜಿನಲ್ಲಿರುವುದು ಎಷ್ಟೋ ವಾಸಿ. ಆದರೆ ಎಲ್ಲಿ ನಿಮ್ಮ ಪ್ರಬಂಧ ಮುಗಿದು ಅವರ ವರದಿ ಶುರುವಾಗುತ್ತದೆ ಅನ್ನುವುದು ಸಹಿ ಮಾಡುವ ಮುಂಚೆ ತಿಳಿದಿರಬೇಕು.

ಗಡುವುಗಳ ಜಗಳ

ಮೂರು ದೇಶದ ಕ್ಯಾಲೆಂಡರ್ ಒಂದಕ್ಕೊಂದು ಹೊಂದುವುದಿಲ್ಲ. ಪ್ರಕರಣ ಬಿಗಿಯಾದದ್ದು ಇಲ್ಲಿ.

ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ನಿರ್ಣಯವಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣದ ಆಫರಿಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರಿಸುವಂತೆ ಅಭ್ಯರ್ಥಿಯನ್ನು ಒತ್ತಾಯಿಸುವ ಹಾಗಿಲ್ಲ. ಮುಂಚೆಯೇ ಒಪ್ಪಿದ್ದರೂ ಆ ದಿನದವರೆಗೆ ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು. ಆದರೆ ಇದು ಅವರವರ ನಡುವಿನ ಕಟ್ಟುಪಾಡು. ನೆದರ್ಲೆಂಡ್ಸ್‌ನ ಎಚ್‌ಆರ್ ವಿಭಾಗಕ್ಕೆ ಏಪ್ರಿಲ್ 15 ಅಂದರೆ ಇನ್ನೊಂದು ಗುರುವಾರ, ಅಷ್ಟೇ. ಅವರು ಮಾರ್ಚ್ 26ರ ಶುಕ್ರವಾರದ ಒಳಗೆ ಉತ್ತರ ಬೇಕು ಅಂದರು, ಎರಡನೇ ಅಭ್ಯರ್ಥಿಯನ್ನು ಅವರೂ ಎಷ್ಟು ದಿನ ಕಾಯಿಸಿಯಾರು? ಬ್ರಿಟನ್ನಿನ ಪಟ್ಟಿ ಜುಲೈವರೆಗೆ.

ಆಕೆಯ ಮೊದಲ ಯೋಚನೆ ಎಲ್ಲರಿಗೂ ಹೌದು ಅಂದು ಆಮೇಲೆ ನೋಡೋಣ ಅಂತಿತ್ತು. ಸುಮ್ನೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ಮಾಡುವವರಿದ್ದಾರೆ. ಬೇಡ ಅಂದೆ. ಇದು ಚಿಕ್ಕ ಜಗತ್ತು. ಹಳೇ ಡಚ್ ಪತ್ರ ಓದುವವರು ಒಂದು ಕಾನ್ಫರೆನ್ಸ್ ಹಾಲಿನಲ್ಲಿ ಹಿಡಿಸುತ್ತಾರೆ. ಆ ಪ್ರಾಜೆಕ್ಟಿನ ಪ್ರಾಧ್ಯಾಪಕರೂ ಬ್ರಿಟನ್ನಿನ ಮಾರ್ಗದರ್ಶಕರೂ ಒಬ್ಬರಿಗೊಬ್ಬರು ಗೊತ್ತಿರುವವರು. ಅದರ ಬದಲು ಇದ್ದ ಎಂಟು ದಿನದಲ್ಲಿ ಪ್ರಶ್ನೆ ಕೇಳುವುದು ಅಂತ ತೀರ್ಮಾನವಾಯಿತು. ಮೂರು ಕಡೆಗೂ ಇನ್ನೆರಡು ಆಫರ್ ಇರುವ ವಿಷಯ ಮುಚ್ಚಿಡದೆ ತಿಳಿಸಿದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಆ ಎಂಟು ದಿನದ ಪ್ರಶ್ನೆಗಳು

ಅಮೆರಿಕಕ್ಕೆ ಕೇಳಿದ್ದನ್ನು ಆಗಲೇ ಹೇಳಿದೆ. ಅಲ್ಲಿಯವರು ಆರನೇ ವರ್ಷವನ್ನು ಲಿಖಿತವಾಗಿ ಕೊಡಲಿಲ್ಲ. ಮೊದಲ ಬೇಸಿಗೆಗೆ 3,000 ಡಾಲರ್ ಸೇರಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ, ಆದರೆ ಎಫ್-2ರ ಕಟ್ಟಿಗೆ ಅದು ಉತ್ತರವಲ್ಲ.

ನೆದರ್ಲೆಂಡ್ಸ್‌ಗೆ ಕೇಳಿದ ಪ್ರಶ್ನೆಗಳ ಕರಡನ್ನು ನಾವು ಮೂರು ಸಲ ತಿದ್ದಿದೆವು. ಮೊದಲ ಕರಡು ತೀರಾ ಸಂಕೋಚದ್ದಾಗಿತ್ತು, ಎರಡನೆಯದು ವಕೀಲರ ನೋಟಿಸಿನ ಹಾಗಿತ್ತು. ಕೊನೆಗೆ ಹೋದ ಇಮೇಲಿನಲ್ಲಿ ಮುಖ್ಯವಾದವು ಇವು. ಮೊದಲ ಒಪ್ಪಂದ 18 ತಿಂಗಳದ್ದು, ಮೌಲ್ಯಮಾಪನ ಸರಿಯಿದ್ದರೆ ಮುಂದಿನ 30 ತಿಂಗಳು ಅಂತ ಇದೆ, ಆ ಮೌಲ್ಯಮಾಪನಕ್ಕೆ ಏನು ಬರೆದು ತೋರಿಸಬೇಕು? ಪ್ರಬಂಧದ ಎರಡು ಅಧ್ಯಾಯ ಪತ್ರ ಬರೆದುಕೊಡುವವರ ಬಗ್ಗೆ ಇರಬಹುದೇ? ನಾನು ಲಿಪ್ಯಂತರ ಮಾಡಿದ (ಹಳೇ ಕೈಬರಹ ಬಿಡಿಸಿ ಈಗಿನ ಅಕ್ಷರದಲ್ಲಿ ಬರೆದ) ಪತ್ರಗಳನ್ನು ಪ್ರಾಜೆಕ್ಟ್ ಮುಗಿಯುವ ಮುಂಚೆ ನನ್ನ ಲೇಖನದಲ್ಲಿ ಬಳಸಬಹುದೇ? ಮತ್ತೆ ಕೊನೆಯದು: ನೀವು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ನನ್ನ ಒಪ್ಪಂದ ಏನಾಗುತ್ತದೆ?

ಕೊನೆಯ ಪ್ರಶ್ನೆ ಕೇಳಲು ಆಕೆಗೆ ಬಹಳ ಮುಜುಗರ. ಇನ್ನೂ ಸೇರಿಲ್ಲ, ಆಗಲೇ ನೀವು ಬಿಟ್ಟುಹೋದರೆ ಅಂತ ಕೇಳುವುದೇ ಅಂದರು. ಆದರೆ ಇಆರ್‌ಸಿ ಹಣದ ಗುಣವೇ ಅದು. ಅನುದಾನ ಪಡೆದವರು ಬೇರೆ ಸಂಸ್ಥೆಗೆ ಹೋದರೆ ಅದನ್ನೂ ಜೊತೆಗೆ ಒಯ್ಯಬಹುದು. ಐದು ವರ್ಷದಲ್ಲಿ ಇಂಥ ದೊಡ್ಡ ಅನುದಾನ ಇರುವವರನ್ನು ಬೇರೆ ಕಡೆಯವರು ಕರೆಯದೇ ಇರುತ್ತಾರೆಯೇ?

ಉತ್ತರ ಎರಡು ದಿನದಲ್ಲಿ ಬಂತು, ಎಚ್‌ಆರ್‌ನವರಿಗೂ ಪ್ರತಿ ಇತ್ತು. ಒಪ್ಪಂದ ವಿಶ್ವವಿದ್ಯಾಲಯದ ಜೊತೆ, ಪ್ರಾಧ್ಯಾಪಕರ ಜೊತೆಯಲ್ಲ, ಅವರು ಹೋದರೂ ಒಪ್ಪಂದದ ಕೊನೆಯ ದಿನಾಂಕ ಬದಲಾಗುವುದಿಲ್ಲ. ಎರಡು ಅಧ್ಯಾಯಕ್ಕೆ ಒಪ್ಪಿಗೆ, ಡೇಟಾಬೇಸಿನ ಕೆಲಸ ನಿಲ್ಲಬಾರದು ಅಷ್ಟೇ. ಲಿಪ್ಯಂತರಗಳ ಬಳಕೆಗೆ ತಂಡದ ಒಪ್ಪಿಗೆ ಬೇಕು ಅಂತ ಸ್ವಲ್ಪ ಜಾರಿಕೆಯ ಉತ್ತರ.

ಮಾರ್ಚ್ 26ರಂದು ಆಕೆ ನೆದರ್ಲೆಂಡ್ಸ್‌ಗೆ ಹೌದು ಅಂದರು. ಅದೇ ದಿನ ಅಮೆರಿಕಕ್ಕೆ ಇಲ್ಲ ಅಂತ ಬರೆದರು, ಏಪ್ರಿಲ್ 15ರವರೆಗೆ ಹಿಡಿದಿಟ್ಟುಕೊಳ್ಳಲಿಲ್ಲ. ಆ ಸೀಟಿಗೂ ಯಾರೋ ಕಾಯುತ್ತಿರುತ್ತಾರಲ್ಲ. ಬ್ರಿಟನ್ನಿನ ಪಟ್ಟಿಯಿಂದ ಮಾತ್ರ ಹೆಸರು ತೆಗೆಸಲಿಲ್ಲ. ನಾನೂ ತೆಗೆಸಿ ಅನ್ನಲಿಲ್ಲ. ವಿದೇಶಿ ಪಾಲಿನಲ್ಲಿ ಜಾಗ ಖಾಲಿಯಾಗುವುದು ಕಷ್ಟ ಅನ್ನುವುದು ನಮ್ಮಿಬ್ಬರ ಲೆಕ್ಕ.

ಜೂನ್ ತಿಂಗಳು

ಖಾಲಿಯಾಯಿತು. ಜೂನ್ ಎರಡನೇ ವಾರ ಬ್ರಿಟನ್ನಿನಿಂದ ಇಮೇಲ್: ಪೂರ್ತಿ ಸ್ಟೈಪೆಂಡ್, ಶುಲ್ಕ ಮಾಫಿ, ಸ್ವಂತ ವಿಷಯ. ಅಷ್ಟು ಹೊತ್ತಿಗೆ ಆಕೆ ಡಚ್ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು, ನಿವಾಸ ಪರವಾನಗಿಯ ಅರ್ಜಿಯನ್ನು ವಿಶ್ವವಿದ್ಯಾಲಯ ಸಲ್ಲಿಸಿಯಾಗಿತ್ತು.

ಕಾನೂನಿನ ಪ್ರಕಾರ ನೌಕರಿ ಬಿಡಬಹುದು, ಯಾರೂ ಕಟ್ಟಿಹಾಕಲಾರರು. ಪ್ರಶ್ನೆ ಅದಲ್ಲ. ಎರಡರಲ್ಲಿ ಯಾವುದು ಒಳ್ಳೆಯ ಪ್ರಬಂಧ ಆಗುತ್ತದೆ? ಬ್ರಿಟನ್ನಿನದ್ದು, ಅನುಮಾನವೇ ಇರಲಿಲ್ಲ. ಯಾವುದರಲ್ಲಿ ಮುಗಿಸುವ ಸಾಧ್ಯತೆ ಜಾಸ್ತಿ? ನನ್ನ ಮಟ್ಟಿಗೆ ನೆದರ್ಲೆಂಡ್ಸ್‌ನದ್ದು. ಆಗಿನ ಆಕೆಯ ಡಚ್ ನೋಡಿ ಹೇಳಿದ ಮಾತು ಅದು. ಅಲ್ಲಿದ್ದರೆ ಲಿಪಿ ಓದುವುದನ್ನು ದಿನಾ ಜೊತೆಯಲ್ಲಿ ಕೂತು ಕಲಿಸುವವರಿದ್ದರು. ಕ್ಯೂ ಪತ್ರಾಗಾರವೂ ಆ ದಿನಗಳಲ್ಲಿ ಕೋವಿಡ್‌ನಿಂದ ಮುಚ್ಚಿ ತೆರೆದು ಮಾಡುತ್ತಿತ್ತು, ಹತ್ತಿರದಲ್ಲಿ ಮನೆ ಮಾಡಿದ ಮಾತ್ರಕ್ಕೆ ಒಳಗೆ ಸೀಟು ಸಿಗುವ ಭರವಸೆ ಇರಲಿಲ್ಲ. ಡಚ್ ತಂಡದ ಹತ್ತಿರ ಆಗಲೇ ಸಾವಿರಾರು ಪತ್ರಗಳ ಫೋಟೊ ಇದ್ದವು.

ಆಕೆ ಒಂದು ವಾರ ಒದ್ದಾಡಿದರು. ಕೊನೆಗೆ ಬ್ರಿಟನ್ನಿನ ಮಾರ್ಗದರ್ಶಕರಿಗೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಕೊಟ್ಟ ಸಲಹೆ ನಮಗಿಬ್ಬರಿಗೂ ಹೊಳೆದಿರಲಿಲ್ಲ: ಅಲ್ಲಿಗೇ ಹೋಗಿ, ನನ್ನನ್ನು ಹೊರಗಿನ ಸಹ ಮಾರ್ಗದರ್ಶಕಿಯಾಗಿ ಹಾಕಿಕೊಳ್ಳಿ. ಡಚ್ ನಿಯಮದಲ್ಲಿ ಅದಕ್ಕೆ ಅವಕಾಶ ಇತ್ತು. ಸೇರಿದ ಮೊದಲ ಮೂರು ತಿಂಗಳಲ್ಲಿ ತರಬೇತಿ ಮತ್ತು ಮಾರ್ಗದರ್ಶನದ ಯೋಜನೆಯನ್ನು ಬರೆಯಬೇಕು. ಅದರಲ್ಲೇ ಅವರ ಹೆಸರು ಸೇರಿತು. ಪ್ರಾಜೆಕ್ಟಿನ ಪ್ರಾಧ್ಯಾಪಕರು ತಕರಾರು ಮಾಡಲಿಲ್ಲ.

ಆಮೇಲೆ

ಮೊದಲ 18 ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಭಾಷೆ, ಲಿಪಿ, ಡೇಟಾಬೇಸು. ಮೌಲ್ಯಮಾಪನಕ್ಕೆ ಒಂದು ಅಧ್ಯಾಯ ಕೊಟ್ಟರು, ಪಾಸಾಯಿತು.

ಕ್ಯೂಗೆ ಹೋಗುವುದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ನೆದರ್ಲೆಂಡ್ಸ್‌ನ ನಿವಾಸ ಪರವಾನಗಿ ಬ್ರಿಟನ್ನಿಗೆ ನಡೆಯುವುದಿಲ್ಲ. ಆಕೆಯ ಪಾಸ್‌ಪೋರ್ಟಿಗೆ ಪ್ರತ್ಯೇಕ ಸಂದರ್ಶಕ ವೀಸಾ ಬೇಕಿತ್ತು. ತಂಡದ ಬೇರೆಯವರು ಟಿಕೆಟ್ ಬುಕ್ ಮಾಡಿ ಹೊರಟರೆ ಈಕೆ ಬೆರಳಚ್ಚು ಕೊಡಲು ಸರದಿಯಲ್ಲಿ ನಿಲ್ಲಬೇಕಿತ್ತು. ಹೋದಾಗಲೆಲ್ಲ ದಿನವಿಡೀ ಸ್ವಂತ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದೇ ಕೆಲಸ, ಅಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಓದುವುದು ವಾಪಸ್ ಬಂದ ಮೇಲೆ. ಪರದೆಯ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಕಾಗದದ ಮಡಿಕೆ, ಮೊಹರಿನ ಗುರುತು, ಒಂದೇ ಕಂತೆಯಲ್ಲಿ ಎರಡು ಪತ್ರಕ್ಕೆ ಒಂದೇ ಹಾಳೆ ಹರಿದು ಬಳಸಿದ್ದು ಮಾತ್ರ ಕಾಣುವುದಿಲ್ಲ. ಆಕೆಯ ಮೂರನೇ ಅಧ್ಯಾಯದ ಪುರಾವೆಯೇ ಆ ಹರಿದ ಅಂಚುಗಳು. ಬೇರೆ ಬೇರೆ ಹೆಂಗಸರ ಸಹಿ, ಒಂದೇ ಕೈಬರಹ, ಒಂದೇ ಹಾಳೆಯ ಎರಡು ತುಂಡು. ಅಂದರೆ ಒಂದೇ ಮೇಜಿನ ಮುಂದೆ ಸಾಲಾಗಿ ಕೂತು ಬರೆಸಿಕೊಂಡಿದ್ದಾರೆ.

2023ರ ಬೇಸಿಗೆಯಲ್ಲಿ ಪ್ರಾಧ್ಯಾಪಕರು ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋದರು. ಅನುದಾನವೂ ಹೋಯಿತು. ಒಪ್ಪಂದ ಹೇಳಿದ ಹಾಗೇ ಉಳಿಯಿತು, ಸಂಬಳ ಒಂದು ತಿಂಗಳೂ ತಪ್ಪಲಿಲ್ಲ, ಉಳಿದ ಅವಧಿಯ ಖರ್ಚನ್ನು ಯಾರು ಹೊರಬೇಕು ಅನ್ನುವುದನ್ನು ಎರಡು ವಿಶ್ವವಿದ್ಯಾಲಯಗಳು ತಮ್ಮೊಳಗೆ ಬಗೆಹರಿಸಿಕೊಂಡವು. ಆದರೆ ಆ ಇಮೇಲಿನಲ್ಲಿ ಕೇಳದೇ ಇದ್ದ ಒಂದು ವಿಷಯ ಕೈಕೊಟ್ಟಿತು. ಪ್ರಯಾಣದ ಹಣ ಸಂಬಳದ ಭಾಗವಲ್ಲ, ಪ್ರಾಜೆಕ್ಟಿನ ಭಾಗ. ಅದು ಅನುದಾನದ ಜೊತೆ ಹೊರಟುಹೋಯಿತು. ಆಮೇಲಿನ ಕ್ಯೂ ಪ್ರಯಾಣಗಳಿಗೆ ವಿಭಾಗದ ಸಣ್ಣ ನಿಧಿಗೆ ಅರ್ಜಿ ಹಾಕಿದರು, ಅರ್ಧ ಸಿಕ್ಕಿತು. ಡೇಟಾಬೇಸ್ ಹೊಸ ಸರ್ವರಿಗೆ ಹೋದಾಗ ಆಕೆಯ ಲಾಗಿನ್ ಕೆಲವು ವಾರ ಕೆಲಸ ಮಾಡಲಿಲ್ಲ. ಲಿಪ್ಯಂತರಗಳ ಸ್ವಂತ ಪ್ರತಿ ಇಟ್ಟುಕೊಂಡಿದ್ದರಿಂದ ಕೆಲಸ ನಿಲ್ಲಲಿಲ್ಲ. ಈಗ ಯಾರಾದರೂ ಇಂಥ ಪತ್ರ ತೋರಿಸಿದರೆ ನಾನು ಪ್ರಯಾಣದ ಹಣ ಯಾರ ಖಾತೆಯಲ್ಲಿದೆ ಅಂತಲೇ ಮೊದಲು ಹುಡುಕುತ್ತೇನೆ.

ಮಾರ್ಗದರ್ಶನ ಅಲ್ಲಿಂದ ಮುಂದೆ ಬಹುಪಾಲು ಬ್ರಿಟನ್ನಿನಿಂದಲೇ ನಡೆಯಿತು. ಪ್ರಬಂಧವೂ ಆ ಕಡೆಗೆ ವಾಲಿತು. ಎರಡು ಅಧ್ಯಾಯ ಅಂತ ಒಪ್ಪಿಸಿಕೊಂಡದ್ದು ಮೂರಾಯಿತು. ಸುದ್ದಿಯ ನಕ್ಷೆಗೆ ಉಳಿದದ್ದು ಎರಡು. ಡೇಟಾಬೇಸಿಗೆ ಒಪ್ಪಿಕೊಂಡ ಪತ್ರಗಳನ್ನೆಲ್ಲ ತುಂಬಿಸಿಕೊಟ್ಟಿದ್ದರಿಂದ ಹಳೆಯ ಪ್ರಾಧ್ಯಾಪಕರೂ ಏನೂ ಅನ್ನಲಿಲ್ಲ.

ಒಪ್ಪಂದ 2025ರ ಆಗಸ್ಟ್ 31ಕ್ಕೆ ಮುಗಿಯಿತು. ಪ್ರಬಂಧ ಮುಗಿದಿರಲಿಲ್ಲ. ಕೊನೆಯ ಅಧ್ಯಾಯವೂ ಪೀಠಿಕೆಯೂ ಬಾಕಿ. ನಾಲ್ಕು ವರ್ಷದ ಹಣದಲ್ಲಿ ನಾಲ್ಕು ವರ್ಷಕ್ಕೇ ಮುಗಿಸುವವರು ಮಾನವಿಕದಲ್ಲಿ ಕಡಿಮೆ, ಅದು ಗೊತ್ತಿದ್ದದ್ದೇ. ಈ ಸಲ ನೌಕರಿ ಮತ್ತು ಸ್ಟೈಪೆಂಡಿನ ವ್ಯತ್ಯಾಸ ಕೈಗೇ ಸಿಕ್ಕಿತು. ನೌಕರಿಯಾಗಿದ್ದರಿಂದ ಕೆಲವು ತಿಂಗಳ ನಿರುದ್ಯೋಗ ಭತ್ಯೆಯ ಹಕ್ಕು ಇತ್ತು. ಸ್ಟೈಪೆಂಡ್ ಆಗಿದ್ದರೆ ಕೊನೆಯ ಕಂತಿನ ಮರುದಿನದಿಂದ ಏನೂ ಇಲ್ಲ. ಸಂಶೋಧಕರಾಗಿದ್ದವರಿಗೆ ಕೆಲಸ ಹುಡುಕಲು ಕೊಡುವ ಒಂದು ವರ್ಷದ ಪರವಾನಗಿಗೆ ಅರ್ಜಿ ಹಾಕಿ ಅಲ್ಲೇ ಉಳಿದರು. ಗಂಡ ಅಲ್ಲಿಗೆ ಹೋದ ಎರಡನೇ ವರ್ಷದಿಂದ ಕೆಲಸದಲ್ಲಿದ್ದರು. ಮನೆ ಖರ್ಚಿನ ದೊಡ್ಡ ಪಾಲು ಆ ಸಂಬಳದಲ್ಲೇ ನಡೆಯಿತು.

ಕರಡು ಡಿಸೆಂಬರಿನಲ್ಲಿ ಮಾರ್ಗದರ್ಶಕರ ಕೈಸೇರಿತು. ಅವರು ಒಪ್ಪಿದ ಮೇಲೆ ಅದು ಪರಿಶೀಲನಾ ಸಮಿತಿಗೆ ಹೋಗುತ್ತದೆ. ಸಮಿತಿ ಸರಿ ಅಂದರೆ ಸಾರ್ವಜನಿಕ ಮಂಡನೆಗೆ ದಿನ ಗೊತ್ತುಮಾಡುತ್ತಾರೆ. ಅಲ್ಲಿ ನಿಗದಿತ ಹೊತ್ತು ಪ್ರಶ್ನೆ ಕೇಳುತ್ತಾರೆ, ಹೊತ್ತು ಮುಗಿದೊಡನೆ ದಂಡ ಹಿಡಿದ ಅಧಿಕಾರಿ ಬಂದು ಲ್ಯಾಟಿನ್‌ನಲ್ಲಿ 'ಹೋರಾ ಎಸ್ಟ್' ಅಂತ ಕೂಗುತ್ತಾರೆ. ಉತ್ತರ ಅರ್ಧದಲ್ಲಿದ್ದರೂ ಅಲ್ಲಿಗೆ ನಿಲ್ಲಿಸಬಹುದು. ಸಮಿತಿಗೆ ಸೇರಿಸಬೇಕಾದ ಹೆಸರುಗಳ ಬಗ್ಗೆ ಎರಡು ವಿಭಾಗಗಳ ನಡುವೆ ಪತ್ರ ವ್ಯವಹಾರ ನಡೆಯುತ್ತಿದೆ. ಹಳೆಯ ಪ್ರಾಧ್ಯಾಪಕರ ಹೆಸರು ಮಾರ್ಗದರ್ಶಕರ ಸಾಲಿನಲ್ಲಿ ಎರಡನೆಯದಾಗಿ ಬರಲಿ ಅಂತ ಆಕೆ ಕೇಳಿದ್ದಾರೆ.